ಬಣ್ಣ ಹೋದ ಮೇಲೆ ಗಾಳಿ ಏಕೆ?

ಬಣ್ಣ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ ಎಂಬ ಸುದ್ದಿ ನಮ್ಮ ಬಟ್ಟೆ ಬಣ್ಣದ ಕಾರ್ಖಾನೆಗಳಿಗೆ ಮುಟ್ಟಿ ದಶಕಗಳೇ ಕಳೆದಿವೆ. ಸಂಬಳ ಕೇಳದ, ಸಂಘ ಕಟ್ಟದ, ದೀಪಾವಳಿಗೆ ಬೋನಸ್ಸಿನ ಹೆಸರೆತ್ತದ ಕೂಲಿಯಾಳುಗಳು ಸಿಕ್ಕರೆ ಯಾವ ಮಾಲೀಕ ತಾನೇ ಬೇಡವೆಂದಾನು? ಆದರೆ ಅವುಗಳಲ್ಲಿ ಕೆಲವಕ್ಕೆ ಒಂದು ದುರಭ್ಯಾಸವಿದೆ: ಉಸಿರಾಡುವುದು, ಅದೂ ಭಾನುವಾರವೂ ಬಿಡದೆ.

ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಬಹುಪಾಲು ಅಜೋ ಜಾತಿಯವು. ಕಾರ್ಖಾನೆಯ ಕೊಳೆನೀರನ್ನು ಶುದ್ಧ ಮಾಡುವ ಘಟಕದಲ್ಲಿ, ಗಾಳಿಯಿಲ್ಲದ ಮೊದಲ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಇವುಗಳ ಸಾರಜನಕದ ಕೊಂಡಿಯನ್ನು ಕಡಿದರೆ ಬಣ್ಣ ಮಾಯವಾಗುತ್ತದೆ. ಉಳಿಯುವುದು ಕಣ್ಣಿಗೆ ಕಾಣದ ಆರೊಮ್ಯಾಟಿಕ್ ಅಮೈನುಗಳೆಂಬ ರಾಸಾಯನಿಕಗಳು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಇವನ್ನು ಅರಗಿಸಲು ಎರಡನೆಯ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬೇಕು, ಅವಕ್ಕೆ ಹಗಲಿರುಳೂ ಗಾಳಿ ಊದಬೇಕು, ಊದಲು ಕರೆಂಟು ಬೇಕು, ಕರೆಂಟಿಗೆ ಬಿಲ್ಲು ಬರುತ್ತದೆ. ವಿಜ್ಞಾನ ಮುಗ್ಗರಿಸುವುದು ಈ ಬಿಲ್ಲಿನ ಹೊಸ್ತಿಲಲ್ಲಿಯೇ.

ನಾನು ಕಂಡ ಒಂದು ಘಟಕದಲ್ಲಿ ಬ್ಲೋವರಿನ ಬಾಯಿಗೆ ಜೇಡ ನೆಮ್ಮದಿಯಾಗಿ ಬಲೆ ಕಟ್ಟಿಕೊಂಡಿತ್ತು. ತಪಾಸಣೆಯವರು ಬರುವ ದಿನ ಮಾತ್ರ ಬಲೆ ಗುಡಿಸಿ, ಗುಂಡಿ ಒತ್ತಿ, ತೊಟ್ಟಿಗೆ ಒಂದು ಬುಟ್ಟಿ ಸಗಣಿಯನ್ನೂ ನಾಲ್ಕಚ್ಚು ಬೆಲ್ಲವನ್ನೂ ಹಾಕುತ್ತಾರಂತೆ. ಹೊಸ ತೊಟ್ಟಿಯಲ್ಲಿ ಜೀವಿಗಳನ್ನು ಬೆಳೆಸಲು ಸಗಣಿ, ಬೆಲ್ಲ ಹಾಕುವುದು ವಾಡಿಕೆಯೇ. ಉಸಿರುಕಟ್ಟಿ ಸತ್ತವಕ್ಕೆ ಬೆಲ್ಲ ಸುರಿಯುವುದಕ್ಕೆ ಮಾತ್ರ ನಮ್ಮ ಕಡೆ ಎಡೆ ಇಡುವುದು ಎನ್ನುತ್ತಾರೆ. ಕೇಳಿದರೆ ಮ್ಯಾನೇಜರು, ಗಾಜಿನ ಲೋಟದಲ್ಲಿ ತಿಳಿನೀರನ್ನು ಬಿಸಿಲಿಗೆ ಎತ್ತಿ ಹಿಡಿದು, “ಬಣ್ಣ ಹೋಯಿತಲ್ಲ ಸ್ವಾಮಿ, ಇನ್ನು ಗಾಳಿ ಏಕೆ?” ಎಂದರು.

ಬಟ್ಟೆ ಉದ್ಯಮದ ಊರಾದ ತಮಿಳುನಾಡಿನ ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿಗೆ ನೀರಾವರಿಗೆಂದು ಒರತ್ತುಪಾಳೆಯಂ ಅಣೆಕಟ್ಟನ್ನು ಕಟ್ಟಿ ಮುಗಿಸಿದ್ದು 1992ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ಕಾರ್ಖಾನೆಗಳ ಕೊಳೆನೀರಿನ ಕೊಳವಾಯಿತು. ಅಣೆಕಟ್ಟಿನಿಂದ ನೀರು ಬಿಡಿ ಎಂದು ರೈತರು ಗೋಗರೆಯುವುದನ್ನೇ ಕಂಡಿದ್ದ ದೇಶ, ದಯವಿಟ್ಟು ಬಿಡಬೇಡಿ ಎಂದು ಅಂಗಲಾಚುವ ರೈತರನ್ನು ಅಲ್ಲಿ ಕಂಡಿತು. 2011ರಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಆ ಹೊಲಗಳನ್ನು ಕೆಡಿಸಿದ್ದರಲ್ಲಿ ಬಣ್ಣದಷ್ಟೇ ಪಾಲು, ಬಣ್ಣ ಹತ್ತಿಸಲು ಸುರಿಯುವ ಉಪ್ಪಿನದು. ಅದನ್ನು ತಿಂದು ಮುಗಿಸುವ ಸೂಕ್ಷ್ಮಜೀವಿ ಯಾವ ತೊಟ್ಟಿಯಲ್ಲೂ ಇಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯೂ ಅಲ್ಲಿ ತಿರುವುಮುರುವಾಗಿ, ಉಪ್ಪು ಮೇಲಿನವರದು, ನೀರು ಕೆಳಗಿನವರದು ಎಂದಾಯಿತು.

ಇದನ್ನೆಲ್ಲ ಹೇಳಿ ಉಪ್ಪಿಗೇನು ಮಾಡುತ್ತೀರಿ ಎಂದು ಕೇಳಿದೆ. ಮ್ಯಾನೇಜರು ಲೋಟವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದು ನೋಡಿದರು.

“ಉಪ್ಪಿಗೆ ಬಣ್ಣವೆಲ್ಲಿದೆ ಸ್ವಾಮಿ?”