ಹಾಗ್‌ಬ್ಯಾಕ್ ಕಲ್ಲುಗಳ ಮೂಲ

ಹಾಗ್‌ಬ್ಯಾಕ್, ಅಂದರೆ ಹಂದಿಯ ಬೆನ್ನಿನಂತೆ ನಡುವೆ ಉಬ್ಬಿದ ಗೋರಿಕಲ್ಲುಗಳ ಪದ್ಧತಿಯನ್ನು ವೈಕಿಂಗರು ತಮ್ಮ ತಾಯ್ನಾಡಾದ ಸ್ಕ್ಯಾಂಡಿನೇವಿಯದಿಂದಲೇ ಬ್ರಿಟನ್ನಿಗೆ ತಂದರೆಂದು ಲೇಖನವೊಂದರಲ್ಲಿ ಹೇಳಿರುವುದು ಸರಿಯೆನಿಸುವುದಿಲ್ಲ. 10ನೇ ಶತಮಾನದ ಈ ಕಲ್ಲುಗಳು ಹೆಚ್ಚಾಗಿ ದೊರೆತಿರುವುದು ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ. ಡೆನ್ಮಾರ್ಕ್, ನಾರ್ವೆಗಳಲ್ಲಿ ಇಂಥವು ಕಂಡುಬಂದಿಲ್ಲ. ಉತ್ತರ ಯಾರ್ಕ್‌ಷೈರಿನ ಬ್ರಾಂಪ್ಟನ್ ಚರ್ಚಿನಲ್ಲಿ 1867ರ ಜೀರ್ಣೋದ್ಧಾರದ ವೇಳೆ ಸಿಕ್ಕವನ್ನೇ ನೋಡಿ: ನಡುವೆ ಉಬ್ಬಿದ ಬೆನ್ನು, ಎರಡೂ ತುದಿಗಳಲ್ಲಿ ಮೂತಿಗೆ ಪಟ್ಟಿ ಬಿಗಿಸಿಕೊಂಡು ಕಲ್ಲನ್ನು ತಬ್ಬಿ ಎದುರುಬದುರಾಗಿ ನಿಂತ ಕರಡಿಗಳು (ಅವಸರದಲ್ಲಿ ನೋಡಿದರೆ ನಾಯಿಗಳೆನಿಸಬಹುದು). ಇಂಥ ಕಲ್ಲುಗಳ ಬಾಗಿದ ಮಾಡು ಸ್ಕ್ಯಾಂಡಿನೇವಿಯದ ಉದ್ದನೆಯ ಮನೆಗಳನ್ನು ನೆನಪಿಸುತ್ತದೆ, ನಿಜ; ಆದರೆ ಗೋರಿಗೆ ಕೆತ್ತನೆಯ ಕಲ್ಲನ್ನಿಡುವ ರೂಢಿ ಬ್ರಿಟನ್ನಿನ ಕ್ರೈಸ್ತರಲ್ಲಿ ಮೊದಲೇ ಇದ್ದುದರಿಂದ, ವಲಸೆ ಬಂದ ವೈಕಿಂಗರು ಚರ್ಚಿನ ಅಂಗಳದಲ್ಲಿ ತಮ್ಮವರನ್ನು ಹೂಳತೊಡಗಿದಾಗ ಈ ಎರಡೂ ಬೆರೆತಿರಬೇಕು ಎಂಬುದೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.