ಎಲ್ಲ ಡಿಸ್ಕನ್ನೂ ಓದುವ ಡಬ್ಬಿ ಬೇಕಿತ್ತು

ಈ ಕಾಲದಲ್ಲೂ ಡಿವಿಡಿ ನೋಡುತ್ತೀರಾ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ನೋಡುತ್ತೇನೆ. ಕಪಾಟಿನ ಮೂರು ಸಾಲು ತುಂಬ ಡಿಸ್ಕ್‌ಗಳಿವೆ. ಅವುಗಳಲ್ಲಿ ಎಷ್ಟೋ ಚಿತ್ರಗಳು ನಾನು ಚಂದಾ ಕಟ್ಟುವ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇಲ್ಲ. ಇದ್ದವು ಕೂಡ ಹೇಳದೆ ಕೇಳದೆ ಮಾಯವಾಗುತ್ತವೆ. ಕಪಾಟಿನಲ್ಲಿರುವ ಡಿಸ್ಕ್ ಹಾಗೆ ಎದ್ದು ಹೋಗುವುದಿಲ್ಲ, ನಿಜ. ಆದರೆ ಅದನ್ನು ಓದುವ ಯಂತ್ರ ಹೋಗುತ್ತದೆ. ನನ್ನ ಹಳೆಯ ಪ್ಲೇಯರ್ ಎರಡು ತಿಂಗಳ ಹಿಂದೆ ಒಂದು ರಾತ್ರಿ ಟ್ರೇಯನ್ನು ಹೊರಗೆ ಚಾಚಿತು, ಮತ್ತೆ ಒಳಗೆ ಎಳೆದುಕೊಳ್ಳಲೇ ಇಲ್ಲ. ನಾಲಿಗೆ ಚಾಚಿಕೊಂಡೇ ಪ್ರಾಣ ಬಿಟ್ಟಿತು. ಅದರ ಜಾಗಕ್ಕೆ ಇನ್ನೊಂದನ್ನು ಹುಡುಕಿದ ಕಥೆ ಇದು. ಡಿವಿಡಿಯ ಗೊಡವೆಯೇ ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಿ ಮುಂದಿನ ಪೋಸ್ಟಿಗೆ ಹೋಗಬಹುದು, ನನಗೇನೂ ಬೇಸರವಿಲ್ಲ.

ನನಗೆ ಬೇಕಿದ್ದದ್ದು ಇಷ್ಟೇ: ಕಡಿಮೆ ಬೆಲೆಯ, ಯಾವ ದೇಶದ ಡಿಸ್ಕ್ ಹಾಕಿದರೂ ಮರುಮಾತಾಡದೆ ಓದುವ ಒಂದು ಡಬ್ಬಿ. ನನ್ನ ಡಿಸ್ಕ್‌ಗಳು ಒಂದೇ ಕಡೆಯವಲ್ಲ. ಕೆಲವು ಪ್ರವಾಸದಲ್ಲಿ ಕೊಂಡವು, ಕೆಲವು ಹೊರದೇಶದ ನೆಂಟರು ತಂದುಕೊಟ್ಟವು, ಕೆಲವು ಅಂಚೆಯಲ್ಲಿ ತರಿಸಿದವು. ಎಲ್ಲವೂ ದುಡ್ಡು ಕೊಟ್ಟು ಕೊಂಡ ಅಸಲಿ ಪ್ರತಿಗಳು. ಆದರೂ ಅವುಗಳ ಡಬ್ಬದ ಹಿಂಬದಿಯಲ್ಲಿ ಪುಟ್ಟ ಗೋಳದ ಚಿತ್ರದೊಳಗೆ ಒಂದು ಅಂಕಿ ಇರುತ್ತದೆ ನೋಡಿ, ರಗಳೆಯೆಲ್ಲ ಆ ಅಂಕಿಯದು.

ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ದೊಡ್ಡ ಚಿತ್ರಸಂಸ್ಥೆಗಳು ಭೂಮಿಗೆ ಹೊಲದಂತೆ ಬದು ಹಾಕಿಸಿ ವಲಯಗಳಾಗಿ (ರೀಜನ್) ಹಂಚಿಸಿದವು, ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡಬಾರದು. ಅಮೆರಿಕ ಮತ್ತು ಕೆನಡಾ 1. ಪಶ್ಚಿಮ ಯುರೋಪು, ಜಪಾನ್, ಮಧ್ಯಪ್ರಾಚ್ಯ 2. ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ, ಹಾಂಗ್‌ಕಾಂಗ್ 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ, ಆಫ್ರಿಕಾದ ಬಹುಭಾಗ 5. ಚೀನಾ 6. ಏಳನ್ನು ಮೀಸಲಿಟ್ಟರು, ಎಂಟನ್ನು ವಿಮಾನ ಮತ್ತು ವಿಹಾರ ಹಡಗುಗಳಿಗೆ ಕೊಟ್ಟರು. ಯುರೋಪಿಗೂ ಜಪಾನಿಗೂ ಒಂದೇ ಅಂಕಿ ಏಕೆ ಎಂದು ನನ್ನನ್ನು ಕೇಳಬೇಡಿ, ಭೂಗೋಳದ ಮೇಷ್ಟರನ್ನು ಕೇಳಿದರೂ ತಲೆ ಕೆರೆದುಕೊಂಡಾರು. ಚಿತ್ರ ಒಂದೊಂದು ದೇಶದಲ್ಲಿ ಒಂದೊಂದು ಕಾಲಕ್ಕೆ ತೆರೆ ಕಾಣುತ್ತಿದ್ದ ದಿನಗಳವು. ಅಮೆರಿಕದಲ್ಲಿ ಡಿಸ್ಕ್ ಅಂಗಡಿಗೆ ಬರುವ ಹೊತ್ತಿಗೆ ಬೇರೆ ಕಡೆ ಚಿತ್ರಮಂದಿರಕ್ಕೇ ಬಂದಿರುತ್ತಿರಲಿಲ್ಲ. ಆ ಗಳಿಕೆ ಸೋರಬಾರದೆಂದು ಈ ಬೇಲಿ. ಈಗ ದೊಡ್ಡ ಚಿತ್ರಗಳು ಒಂದೇ ವಾರದಲ್ಲಿ ಎಲ್ಲೆಡೆ ಬಿಡುಗಡೆಯಾಗುತ್ತವೆ. ಮೂವತ್ತು ವರ್ಷ ಹಳೆಯ ಚಿತ್ರದ ಡಿಸ್ಕಿಗೆ ಇನ್ನೂ ಯಾರಿಂದ ಯಾರಿಗೆ ಕಾವಲು?

2009ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರಿಗೆ 25 ಅಮೆರಿಕನ್ ಚಿತ್ರಗಳ ಡಿವಿಡಿ ಕಟ್ಟನ್ನು ಉಡುಗೊರೆ ಕೊಟ್ಟಿದ್ದರು. ಅವು ಬ್ರಿಟನ್ನಿನ ಪ್ಲೇಯರಿನಲ್ಲಿ ಓಡದ ವಲಯದವು ಎಂದು ಅಲ್ಲಿನ ಪತ್ರಿಕೆಗಳು ಬರೆದು ನಕ್ಕವು. ಪ್ರಧಾನಿಯ ಪಾಡೇ ಹಾಗಾದ ಮೇಲೆ ನನ್ನದೇನು ದೊಡ್ಡ ಮಾತು ಎಂದು ನಾನು ಆಗಾಗ ಸಮಾಧಾನ ಮಾಡಿಕೊಳ್ಳುವುದುಂಟು.

ಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಸಂಗತಿ ಮುಂದಿದೆ. ಈ ಬೀಗ ಯಂತ್ರದ ಕಣ್ಣಿನಲ್ಲಿ ಇಲ್ಲ. 650 ನ್ಯಾನೋಮೀಟರಿನ ಆ ಕೆಂಪು ಲೇಸರಿಗೆ ದೇಶ ಗೊತ್ತಿಲ್ಲ, ಯಾವ ಡಿಸ್ಕ್ ಹಾಕಿದರೂ ಒಂದೇ ಬಗೆಯಲ್ಲಿ ಓದುತ್ತದೆ. ಯಾವ ಯಾವ ವಲಯಕ್ಕೆ ಅನುಮತಿ ಎಂಬುದು ಡಿಸ್ಕಿನಲ್ಲಿ ಬರೆದಿರುತ್ತದೆ. ಪ್ಲೇಯರಿನ ತಂತ್ರಾಂಶದಲ್ಲಿ ಅದರ ಸ್ವಂತ ಅಂಕಿ ಇರುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ಲೇಯರ್ ಬೇಕೆಂದೇ ಕೈಕಟ್ಟಿ ಕೂರುತ್ತದೆ. ತಯಾರಕರಿಗೋ ಒಂದೊಂದು ದೇಶಕ್ಕೆ ಒಂದೊಂದು ಯಂತ್ರ ಮಾಡುವುದು ನಷ್ಟದ ಬಾಬತ್ತು. ಒಂದೇ ಬೋರ್ಡನ್ನು ಎಲ್ಲರಿಗೂ ಮಾಡಿ, ಅಂಕಿಯನ್ನು ಕೊನೆಯಲ್ಲಿ ತುಂಬುತ್ತಾರೆ. ಹಾಗಾಗಿ ಎಷ್ಟೋ ಅಗ್ಗದ ಮಾದರಿಗಳಲ್ಲಿ ಆ ಅಂಕಿ ಬದಲಿಸುವ ಒಂದು ಗುಪ್ತ ಪುಟ ಹಾಗೆಯೇ ಉಳಿದುಬಿಟ್ಟಿರುತ್ತದೆ. ಟ್ರೇ ತೆರೆದಿಟ್ಟು ರಿಮೋಟಿನಲ್ಲಿ ಆ ಮಾದರಿಗೆ ಗೊತ್ತಾದ ಕೆಲವು ಅಂಕಿಗಳನ್ನು ಒತ್ತಿದರೆ ಪರದೆಯ ಮೇಲೆ ಪುಟ ತೆರೆಯುತ್ತದೆ, ಅಲ್ಲಿ ಬೇಕಾದ ವಲಯವನ್ನೋ ಸೊನ್ನೆಯನ್ನೋ (ಎಂದರೆ ಎಲ್ಲ ವಲಯ) ಆರಿಸಿದರೆ ಮುಗಿಯಿತು. ಸ್ಕ್ರೂ ಬಿಚ್ಚುವುದು ಬೇಡ, ಬೆಸುಗೆ ಬೇಡ. ಹೆಸರುವಾಸಿ ಕಂಪನಿಗಳ ದುಬಾರಿ ಯಂತ್ರಗಳೇ ಈ ವಿಷಯದಲ್ಲಿ ಹೆಚ್ಚು ಬಿಗಿ. ಬೆಲೆ ಏರಿದಷ್ಟೂ ಬೀಗ ಗಟ್ಟಿಯಾಗುವ ಇಂಥ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದ್ದರಿಂದ ‘ವಿಶೇಷ ರೀಜನ್ ಫ್ರೀ ಆವೃತ್ತಿ’ ಎಂದು ಚೀಟಿ ಅಂಟಿಸಿ ಸಾಮಾನ್ಯ ಪ್ಲೇಯರಿಗೆ ದುಪ್ಪಟ್ಟು ಹೇಳುವವರ ಬಳಿಗೆ ಹೋಗುವ ಮೊದಲು, ಅದೇ ಮಾದರಿಯ ಹೆಸರಿನ ಮುಂದೆ ‘ರೀಜನ್ ಕೋಡ್’ ಎಂದು ಸೇರಿಸಿ ಅಂತರಜಾಲದಲ್ಲಿ ಹುಡುಕಿ. ಅವರು ಮಾಡಿರುವುದು ಬಹಳ ಸಲ ಆ ನಾಲ್ಕು ಗುಂಡಿ ಒತ್ತುವ ಕೆಲಸವೇ. ಅಷ್ಟಕ್ಕೆ ಅಷ್ಟು ಹಣ ಎಂದರೆ ಮೂಗಿಗಿಂತ ಮೂಗುತಿ ಭಾರ. ಹಾಗೆಂದು ಎಲ್ಲ ಮಾದರಿಗೂ ಕೋಡ್ ಇರುವುದಿಲ್ಲ. ಇದ್ದರೂ ನೋಡಲು ಒಂದೇ ಥರ ಇರುವ ಎರಡು ಯಂತ್ರಗಳಿಗೆ ಬೇರೆ ಬೇರೆ ಕೋಡ್ ಇರಬಹುದು. ಹಿಂಬದಿಯ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ನೋಡಿಕೊಳ್ಳಬೇಕು. ಕಾನೂನಿನ ಮಾತು ದೇಶಕ್ಕೊಂದು. ನ್ಯೂಜಿಲೆಂಡಿನ 2008ರ ಕಾಯಿದೆಯಂತೂ ಅಸಲಿ ಪ್ರತಿಯನ್ನು ದೇಶ ನೋಡಿ ತಡೆಯುವ ಇಂಥ ಬೀಗಕ್ಕೆ ಕೃತಿಸ್ವಾಮ್ಯದ ರಕ್ಷಣೆಯೇ ಇಲ್ಲ ಎಂದಿದೆ. ಓದಿ ನನಗೆ ಖುಷಿಯಾಯಿತು.

ಇಷ್ಟೆಲ್ಲ ತಿಳಿದುಕೊಂಡು ಬೀಗುತ್ತಾ ಮೊದಲ ಪ್ಲೇಯರನ್ನು ತರಿಸಿದೆ. ಡಬ್ಬದ ಮೇಲೆ ರೀಜನ್ ಫ್ರೀ ಎಂದು ದಪ್ಪಕ್ಷರದಲ್ಲೇ ಇತ್ತು. ಒಳಕೋಣೆಯಲ್ಲಿರುವ ಹಳೆಯ ಟಿವಿಗೆ ಹಳದಿ, ಕೆಂಪು, ಬಿಳಿ ವೈರುಗಳನ್ನು ಸಿಕ್ಕಿಸಿ ಅಮೆರಿಕದ ಡಿಸ್ಕ್ ಹಾಕಿದೆ. ಮಾತು ಸ್ಪಷ್ಟ, ಚಿತ್ರ ಕಪ್ಪುಬಿಳುಪು. ಅದೂ ಒಂದೆಡೆ ನಿಲ್ಲದೆ ಮೇಲಕ್ಕೆ ಜಾರುತ್ತಿತ್ತು. ಡಿಸ್ಕ್ ಒರೆಸಿದೆ, ವೈರು ಬದಲಿಸಿದೆ, ಕೊನೆಗೆ ಟಿವಿಯ ತಲೆಯ ಮೇಲೊಂದು ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ತಪ್ಪು ಡಿಸ್ಕಿನದೂ ಅಲ್ಲ, ಟಿವಿಯದೂ ಅಲ್ಲ. ವಲಯದ ಬೀಗ ತೆರೆದಿತ್ತು, ಅದರ ಹಿಂದೆ ಇನ್ನೊಂದು ಬಾಗಿಲಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ಬಾಗಿಲಿನ ಹೆಸರು ಪಾಲ್ ಮತ್ತು ಎನ್‌ಟಿಎಸ್‌ಸಿ. ಟಿವಿ ಪ್ರಸಾರದ ಎರಡು ಹಳೆಯ ಪದ್ಧತಿಗಳು ಇವು, ವಲಯದ ಅಂಕಿಗೂ ಇವಕ್ಕೂ ಸಂಬಂಧವಿಲ್ಲ. ಅಮೆರಿಕ, ಜಪಾನ್ ಕಡೆಯ ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಚಿತ್ರಕ್ಕೆ 480 ಗೆರೆ, ಸೆಕೆಂಡಿಗೆ ಸುಮಾರು 30 ಫ್ರೇಮ್. ಪಾಲ್ ಡಿಸ್ಕಿನಲ್ಲಿ 576 ಗೆರೆ, 25 ಫ್ರೇಮ್. ಜಪಾನಿಗೂ ಯುರೋಪಿಗೂ ವಲಯ ಒಂದೇ ಇದ್ದರೂ ಪದ್ಧತಿ ಬೇರೆ ಎಂಬುದು ಇದರಲ್ಲಿನ ತಮಾಷೆ. ಪಾಲ್ ದೇಶಗಳಿಗೆಂದು ಮಾಡಿದ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಓದುತ್ತವೆ. ಅಮೆರಿಕಕ್ಕೆಂದು ಮಾಡಿದ ಎಷ್ಟೋ ಪ್ಲೇಯರುಗಳು ಪಾಲ್ ಡಿಸ್ಕನ್ನು ಮುಟ್ಟುವುದೇ ಇಲ್ಲ, ವಲಯ ಸೊನ್ನೆಗೆ ತಿರುಗಿಸಿದರೂ ಅಷ್ಟೇ. ಓದುವುದು ಒಂದು ಕೆಲಸ, ನಿಮ್ಮ ಟಿವಿಗೆ ಅರ್ಥವಾಗುವ ಪದ್ಧತಿಗೆ ಬದಲಿಸಿ ಕೊಡುವುದು ಇನ್ನೊಂದು. ನನ್ನ ಪ್ಲೇಯರ್ ಓದುತ್ತಿತ್ತು, ಬದಲಿಸುತ್ತಿರಲಿಲ್ಲ. ಎಚ್‌ಡಿಎಂಐ ಇರುವ ಇತ್ತೀಚಿನ ಟಿವಿಗಳಲ್ಲಿ ಬಹಳಷ್ಟು ಎರಡನ್ನೂ ಒಪ್ಪುತ್ತವೆ, ಅಲ್ಲಿ ಈ ತಲೆನೋವು ಕಡಿಮೆ. ಹಳೆಯ ಟಿವಿ ಇಟ್ಟುಕೊಂಡವರು ಮಾತ್ರ ಪ್ಲೇಯರಿನ ಸೆಟ್ಟಿಂಗ್ ಪುಟದಲ್ಲಿ ಪಾಲ್, ಎನ್‌ಟಿಎಸ್‌ಸಿ, ಮಲ್ಟಿ ಎಂಬ ಮೂರೂ ಆಯ್ಕೆ ಇವೆಯೇ ಎಂದು ನೋಡದೆ ಹಣ ಕೊಡಬಾರದು.

ಬದಲಿಸಿ ಕೊಡುವುದರಲ್ಲೂ ತರತಮವಿದೆ. 25 ಫ್ರೇಮನ್ನು 30 ಮಾಡಲು ಅಗ್ಗದ ಚಿಪ್ ಐದಕ್ಕೊಂದು ಫ್ರೇಮನ್ನು ಎರಡು ಸಲ ತೋರಿಸಿ ಕೈತೊಳೆದುಕೊಳ್ಳುತ್ತದೆ. ಮುಖಗಳ ದೃಶ್ಯದಲ್ಲಿ ಗೊತ್ತಾಗುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಮೇಲೆ ಹಾಯುವಾಗ ನೋಡಿ, ಬೆಟ್ಟಗಳು ಬಿಕ್ಕಳಿಸುತ್ತವೆ. ಪ್ಲೇಯರ್ ಪರೀಕ್ಷಿಸುವಾಗ ಹೊಡೆದಾಟದ ದೃಶ್ಯ ಹಾಕಬೇಡಿ, ಅಂಥ ನಿಧಾನದ ಒಂದು ದೃಶ್ಯ ಹಾಕಿ. ಇನ್ನೊಂದು ವಿಚಿತ್ರವನ್ನು ಹೇಳಿಬಿಡುತ್ತೇನೆ. ಚಿತ್ರಮಂದಿರದ ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಪಾಲ್ ಡಿಸ್ಕಿಗೆ ಹಾಕುವಾಗ ಅದನ್ನು ಹೆಚ್ಚಾಗಿ 25ರ ವೇಗದಲ್ಲಿ ಓಡಿಸಿಬಿಡುತ್ತಾರೆ. ಎರಡು ಗಂಟೆಯ ಚಿತ್ರ 115 ನಿಮಿಷಕ್ಕೆ ಮುಗಿಯುತ್ತದೆ, ಸ್ವರವೂ ತುಸು ಏರುತ್ತದೆ. ಐದು ನಿಮಿಷದ ದೃಶ್ಯ ಕತ್ತರಿಸಿದ್ದಾರೆ ಎಂದು ನಾನು ಒಮ್ಮೆ ಮಾರಿದವರಿಗೆ ಉದ್ದನೆಯ ದೂರು ಬರೆದಿದ್ದೆ. ಆ ಪತ್ರ ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಕಂಪ್ಯೂಟರಿನಲ್ಲೇ ನೋಡಬಹುದಲ್ಲ ಎನ್ನುವವರಿಗೆ ನನ್ನ ಹಳೆಯ ಲ್ಯಾಪ್‌ಟಾಪಿನ ವೃತ್ತಾಂತ ಹೇಳಬೇಕು. 2000ದಿಂದೀಚೆಗಿನ ಕಂಪ್ಯೂಟರ್ ಡ್ರೈವುಗಳಲ್ಲಿ ವಲಯದ ಅಂಕಿ ಡ್ರೈವಿನೊಳಗೇ ಕೂತಿರುತ್ತದೆ, ಅದನ್ನು ಬಳಕೆದಾರ ಬದಲಿಸಬಹುದಾದದ್ದು ಐದೇ ಸಲ. ಪರದೆಯ ಮೇಲೆ ಎಚ್ಚರಿಕೆ ಬಂದಿತ್ತು, ಉಳಿದಿರುವುದು ಇಷ್ಟು ಎಂದು ಲೆಕ್ಕವನ್ನೂ ತೋರಿಸುತ್ತಿತ್ತು. ನಾನು ಒಂದು ವಾರಾಂತ್ಯದಲ್ಲಿ ಅತ್ತಿಂದಿತ್ತ ಡಿಸ್ಕ್ ಹಾಕಿ ಐದನ್ನೂ ಮುಗಿಸಿದೆ. ಡ್ರೈವು ಒಂದನೇ ವಲಯದಲ್ಲಿ ಶಾಶ್ವತವಾಗಿ ನೆಲೆಸಿತು, ನಾನು ಮಾತ್ರ ಇಲ್ಲೇ ಉಳಿದೆ. ವಿಎಲ್‌ಸಿ ಥರದ ತಂತ್ರಾಂಶ ಎಷ್ಟೋ ಡ್ರೈವುಗಳಲ್ಲಿ ಈ ಅಂಕಿಯನ್ನು ಲೆಕ್ಕಿಸದೆ ಓದಿಸುತ್ತದೆ. ನನ್ನ ಡ್ರೈವು ಅದಕ್ಕೂ ಜಗ್ಗಲಿಲ್ಲ.

ಡಿವಿಡಿಯ ನಂತರದ ಪೀಳಿಗೆಯ ಡಿಸ್ಕ್ ಆದ ಬ್ಲೂ-ರೇಯ ಪ್ಲೇಯರ್ ಕೊಂಡರೆ ಎರಡೂ ಬಗೆಯ ಡಿಸ್ಕ್ ನೋಡಲು ಆಗುತ್ತದಲ್ಲ ಎಂದೂ ಕೆಲವರು ಹೇಳಿದರು. ಆಗುತ್ತದೆ, ಬೀಗಗಳೂ ಎರಡಾಗುತ್ತವೆ. ಬ್ಲೂ-ರೇಗೆ ಎ, ಬಿ, ಸಿ ಎಂದು ಬೇರೆಯೇ ಮೂರು ವಲಯ. ಡಿವಿಡಿಯ ಬೀಗ ತೆರೆದರೆ ಅದು ತೆರೆಯುವುದಿಲ್ಲ, ಅದನ್ನು ತೆರೆಯುವುದು ಹೆಚ್ಚು ಕಷ್ಟ. 4ಕೆ ಬ್ಲೂ-ರೇ ಡಿಸ್ಕ್‌ಗಳಲ್ಲಿ ವಲಯದ ಕಾಟವನ್ನೇ ಕೈಬಿಟ್ಟಿದ್ದಾರೆ ಎಂಬುದು ಸಂತೋಷ, ಆದರೆ ನನ್ನ ಕಪಾಟಿನಲ್ಲಿ ಅಂಥದ್ದು ಒಂದೂ ಇಲ್ಲ. ‘1080ಕ್ಕೆ ಅಪ್‌ಸ್ಕೇಲ್’ ಎಂಬ ಜಾಹೀರಾತಿಗೂ ನಾನು ಕಾಸು ಬಿಚ್ಚಲಿಲ್ಲ. ಡಿಸ್ಕಿನಲ್ಲಿ ಇಲ್ಲದ ಗೆರೆಯನ್ನು ಪ್ಲೇಯರ್ ಎಲ್ಲಿಂದ ತಂದೀತು? ಹಿಗ್ಗಿಸುವ ಕೆಲಸವನ್ನು ಟಿವಿ ಹೇಗೂ ಮಾಡುತ್ತದೆ.

ನಾನು ಕಟ್ಟುನಿಟ್ಟಾಗಿ ನೋಡಿದ್ದು ರಿಮೋಟನ್ನು. ನಗಬೇಡಿ. ಅಗ್ಗದ ಪ್ಲೇಯರುಗಳ ಮೈಮೇಲೆ ಈಗ ಎರಡು ಮೂರು ಗುಂಡಿಗಳಷ್ಟೇ ಇರುತ್ತವೆ. ಉಪಶೀರ್ಷಿಕೆ, ಭಾಷೆ, ಮೆನು, ಆ ಗುಪ್ತ ಪುಟ, ಎಲ್ಲವೂ ರಿಮೋಟಿನಲ್ಲೇ. ಒಂದು ಡಿವಿಡಿಯಲ್ಲಿ 8 ಧ್ವನಿಪಥ, 32 ಉಪಶೀರ್ಷಿಕೆಗಳವರೆಗೆ ಇರಬಹುದು. ಅವುಗಳ ನಡುವೆ ಓಡಾಡಲು ನೇರ ಗುಂಡಿ ಇಲ್ಲದ ರಿಮೋಟು ಬಂದರೆ ಪ್ರತಿ ಸಲ ಚಿತ್ರ ನಿಲ್ಲಿಸಿ ಮೆನುವಿಗೆ ಹೋಗಿ ಬರಬೇಕು. ಜೂಮ್ ಗುಂಡಿಯೂ ಇರಲಿ. ಹಳೆಯ ಡಿಸ್ಕ್‌ಗಳಲ್ಲಿ ಅಗಲ ಪರದೆಯ ಚಿತ್ರವನ್ನು ಚೌಕದೊಳಗೆ ತುರುಕಿರುತ್ತಾರೆ, ಈಗಿನ ಟಿವಿಯಲ್ಲಿ ಅದು ನಾಲ್ಕೂ ಕಡೆ ಕಪ್ಪು ಅಂಚಿನ ಅಂಚೆಚೀಟಿಯಂತೆ ಕಾಣುತ್ತದೆ. ಮನೆಯಲ್ಲೇ ಬರೆದ ಡಿಸ್ಕ್‌ಗಳು ನಿಮ್ಮಲ್ಲಿದ್ದರೆ ಅಂಥದ್ದೊಂದನ್ನೂ ಹಾಕಿ ನೋಡಿ. ಅವು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತವೆ, ಕೆಲವು ಪ್ಲೇಯರುಗಳು ಅವುಗಳ ಮುಂದೆ ಎಡವುತ್ತವೆ.

ಮೊದಲನೆಯದನ್ನು ಹಿಂದಿರುಗಿಸಿ, ಅದಕ್ಕಿಂತಲೂ ಅಗ್ಗದ, ಹೆಸರೇ ಕೇಳಿರದ ಕಂಪನಿಯ ಇನ್ನೊಂದನ್ನು ಕೊಂಡೆ. ಪದ್ಧತಿಯ ಮೂರೂ ಆಯ್ಕೆ ಇತ್ತು, ಕೋಡ್ ಮೊದಲ ಯತ್ನಕ್ಕೇ ಕೆಲಸ ಮಾಡಿತು, ಸೊನ್ನೆಗೆ ತಿರುಗಿಸಿ ಒಂದೊಂದೇ ಡಿಸ್ಕ್ ಹಾಕುತ್ತಾ ಹೋದೆ. ಒಂದು ಅಮೆರಿಕದ ಡಿಸ್ಕ್ ಮಾತ್ರ ಚಿತ್ರದ ಬದಲು ಜಗತ್ತಿನ ನಕ್ಷೆ ತೋರಿಸಿ, ನಿಮ್ಮ ಪ್ಲೇಯರನ್ನು ತಿದ್ದಿದ್ದೀರಿ ಎಂಬ ಧಾಟಿಯಲ್ಲಿ ನನ್ನನ್ನು ಗದರಿಸಿತು. ಇದು ಆರ್‌ಸಿಇ ಎಂಬ ಉಪಾಯ, 2000ದ ಸುಮಾರಿಗೆ ಬಂದದ್ದು. ಡಿಸ್ಕೇ ಪ್ಲೇಯರನ್ನು ನಿನ್ನ ಅಂಕಿ ಯಾವುದು ಎಂದು ಕೇಳುತ್ತದೆ. ‘ಎಲ್ಲವೂ’ ಎಂದರೆ ಓಡುವುದಿಲ್ಲ, ‘ಒಂದು’ ಎಂದರೆ ಓಡುತ್ತದೆ. ಆದ್ದರಿಂದಲೇ ಸೊನ್ನೆ ಮಾತ್ರ ಇರುವ ಪ್ಲೇಯರಿಗಿಂತ ಅಂಕಿಯನ್ನು ಕೈಯಾರೆ ಆರಿಸಲು ಬಿಡುವ ಪ್ಲೇಯರ್ ಮೇಲು. ಸೊನ್ನೆಯನ್ನು ಒಂದಕ್ಕೆ ತಿರುಗಿಸಿದೆ, ನಕ್ಷೆ ಸರಿದು ಚಿತ್ರ ಬಂತು. ಕೋಡ್ ಮರೆಯಬಾರದೆಂದು ರಿಮೋಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ. ಮನೆಗೆ ಬಂದವರೊಬ್ಬರು ಅದನ್ನು ನೋಡಿ, ಇದು ಬ್ಯಾಂಕಿನ ಪಿನ್ ಆಗಿದ್ದರೆ ಹೀಗೆ ಬರೆದಿಡಬಾರದು ಎಂದು ಬುದ್ಧಿ ಹೇಳಿ ಹೋದರು.