ಕಚ್ರಾನ ಕೈ, ನಮ್ಮನಿ ಕಪ್ಪು

ನಿನ್ನೆ ಕಾಕಾನ ಮನ್ಯಾಗ ಮತ್ತ ಲಗಾನ್ ಹಚ್ಚಿದ್ರು. ಎಷ್ಟನೇ ಸಲಾನೋ, ಲೆಕ್ಕಾ ಬಿಟ್ಟೀನಿ. ಪಾವಣೆ ನಾಕ್ ತಾಸಿನ ಪಿಚ್ಚರ್, ಗಿರ್ಮಿಟ್ ಮುಗದು ಎರಡ್ ಸಲ ಚಾ ಆದ್ರೂ ಊರವ್ರು ಬಿಳಿ ಸಾಹೇಬ್ರ ಕೂಡ ಆಡೋ ಕ್ರಿಕೆಟ್ ಮ್ಯಾಚ್ ಇನ್ನಾ ಚಾಲೂನ ಆಗಿದ್ದಿಲ್ಲ. ಇರ್ಲಿ, ನನ್ನ ತಕರಾರು ಅದಲ್ಲ.

ನನ್ನ ತಕರಾರು ಕಚ್ರಾಂದು. ಊರಾಗ ಯಾರೂ ಮುಟ್ಟಿಸ್ಕೊಳ್ಳದ ಹುಡುಗ, ಒಂದ್ ಕೈ ಸೊಟ್ಟ. ತನ್ನ ಕಡೆ ಉರುಳಿ ಬಂದ ಬಾಲ್ ಅಂಜ್‌ಕೋತ ಒಗದ್ರ ಅದು ತಾನ ತಿರಗ್ತೈತಿ! ಹೀರೋ ಭುವನ್ ಒಂದ್ ಭಾಷಣ ಬಿಗಿತಾನ, ಮಂದಿ ತಲಿ ತಗ್ಗಿಸ್ತಾರ, ಸಾವಿರ ವರ್ಷದ ರೋಗ ಐದ್ ನಿಮಿಷದಾಗ ವಾಸಿ. ಕಾಕಾ ಕಣ್ಣ ಒರಸ್ಕೊಂಡು, "ದೇವ್ರು ಒಂದ್ ಕಸ್ಕೊಂಡ್ರ ಇನ್ನೊಂದ್ ಕೊಡ್ತಾನ ನೋಡವಾ" ಅಂದ್ರು. ನಂಗ ಪಿತ್ತ ನೆತ್ತಿಗೇರ್ತು.

ಅಲ್ರಿ, ಇದ್ರಾಗ ದೇವ್ರ ಯಾಕ ಬಂದ? ಸ್ಪಿನ್ ಅಂದ್ರ ವರ್ಷಗಟ್ಲೆ ಬಟ್ಟು ಸವಿಬೇಕು. ಪಿಚ್ಚರಿನ ಕಥಿ ನಡಿಯೋದು 1893ರಾಗ. ಹೆಚ್ಚು ಕಮ್ಮಿ ಅದ ಹೊತ್ತಿಗೆ ಪುಣೆದಾಗ, ಬಿಳಿ ಸಾಹೇಬ್ರ ಜಿಮ್‌ಖಾನಾದಾಗ, ಪಾಲ್ವಂಕರ್ ಬಾಲೂ ಅನ್ನೋ ದಲಿತರ ಹುಡುಗ ಪಿಚ್ಚಿಗೆ ರೋಲರ್ ಎಳ್ಕೋತ, ನೆಟ್ ಕಟ್ಕೋತ ಇದ್ದ. ಹುಟ್ಟಿದ್ದೆಲ್ಲಿ ಗೊತ್ತೇನ್ರಿ? ಧಾರವಾಡದಾಗ! ನಮ್ಮೂರಾಗ! ಸಾಹೇಬ್ರಿಗೆ ತಾಸುಗಟ್ಲೆ ಎಡಗೈಲೆ ಬಾಲ್ ಹಾಕಿ ಹಾಕಿ ಕಲ್ತ, ಬ್ಯಾಟ್ ಮಾತ್ರ ಒಬ್ರೂ ಅವನ ಕೈಗೆ ಕೊಡ್ಲಿಲ್ಲ. ಮುಂದ ಹಿಂದೂ ಟೀಮಿನವ್ರು ಕರದ್ರು, ವಿಕೆಟ್ ಬೇಕಿತ್ತಲ್ಲ. ಫೀಲ್ಡ್ ಮ್ಯಾಲೆ ಅಂವ ಮುಟ್ಟಿದ ಬಾಲ್ ಎಲ್ಲಾರೂ ಮುಟ್ಟತಿದ್ರು, ಚಾ ಟೈಮಿಗೆ ಮಾತ್ರ ಅಂವ ಹೊರಗ ನಿಂತು ಮಣ್ಣಿನ ಕುಡಿಕ್ಯಾಗ ಕುಡಿಬೇಕು. 1911ರಾಗ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತಗೊಂಡ್ ಬಂದ, ಆದ್ರೂ ಹಿಂದೂ ಟೀಮಿನ ಕ್ಯಾಪ್ಟನ್ ಪಟ್ಟ ಕೊಡ್ಲಿಲ್ಲ. ಅದು 1923ರಾಗ ಅವನ ತಮ್ಮ ವಿಠ್ಠಲಗ ಸಿಕ್ತು. ಎಲ್ಲಿದ್ದ ಆವಾಗ ಭಾಷಣದ ಭುವನ್?

"ಏ, ಪಿಚ್ಚರ್ ಅದು, ಕಚ್ರಾ ಅಂತ ಒಂದ್ ಪಾತ್ರರ ಇಟ್ಟಾರಲ್ಲ" ಅಂತೀರಿ. ಖರೆ, ಇಟ್ಟಾರ. ಹೆಸರು ಕಸ ಅಂತ ಇಟ್ಟಾರ. ಇನ್ನ ಕ್ರಿಕೆಟ್ ಪಂಡಿತ್ರು, ಆವಾಗ ಇಂಗ್ಲೆಂಡಾಗ ಓವರಿಗೆ 5 ಬಾಲ್ ಇತ್ತು, 6 ಆಗಿದ್ದು 1900ರಾಗ ಅಂತ ಜಗಳಾ ತಗೀತಾರ, ಬೇಕಾದ್ರ 10 ಹಾಕ್ಲಿ ಬಿಡ್ರಿ ನಂಗೇನು. ಲಾಸ್ಟ್ ಸಿಕ್ಸರಿಗೆ ನಾನೂ ಸೋಫಾ ಮ್ಯಾಲೆ ಹತ್ತಿ ನಿಂತಾಕಿನ, ಸುಳ್ಳ ಯಾಕ ಹೇಳ್ಲಿ.

ಮತ್ತ ಸಿಟ್ಟು ಬರೇ ಕಾಕಾನ ಮ್ಯಾಲೂ ಅಲ್ಲ. ಇದ ಮನಿ ಹಿತ್ತಲ ಕಟ್ಟಿ ಮ್ಯಾಲೆ ಕಿವಿ ಮುರದ ಕಪ್ ಒಂದಿತ್ತು, ನೀಲಿ ಹೂವಿಂದು. ಹಿತ್ತಲ ಬಳ್ಯಾಕ ಬರೋ ಅಜ್ಜಿಗೆ ಅದರಾಗ ಚಾ. ಕುಡದು, ಅಕಿನ ತೊಳದು, ಬೋರಲ ಹಾಕಿ ಹೋಗ್ಬೇಕು. ಹೊಯ್ಯಾಕಿ ನಾನ. ಕೆಟ್ಲಿ ಕಪ್ಪಿಗೆ ತಾಗದಂಗ, ಗೇಣುದ್ದ ಮ್ಯಾಲಿಂದ. ಒಂದ್ ಹನಿ ಚೆಲ್ಲತಿದ್ದಿಲ್ಲ, ಅವ್ವ ಶಾಣ್ಯಾಕಿ ಅಂತಿದ್ಲು.

ನಿನ್ನೆ ಆ ಕಪ್ಪಿನ ಮಾತು ತಗದೆ. ಕಾಕಾ ಸ್ವಲ್ಪ ಹೊತ್ತು ಸುಮ್ನಿದ್ರು. "ಅಟ್ಟದ ಮ್ಯಾಲೆ ಇರ್ಬೇಕದು" ಅಂದವ್ರ ರಿಮೋಟ್ ತಗೊಂಡು ಸೌಂಡ್ ಏರಿಸಿದ್ರು.